ನಾಲ್ಕನೆಯ ಗಾಲಿ ನೆಲ ಮುಟ್ಟುವುದು ಹೇಗೆ?

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ಹೋಗುವ ರಸ್ತೆಯಲ್ಲಿ ಸುಗ್ಗಿಯ ದಿನಗಳಲ್ಲಿ ನಿಂತು ನೋಡಿದರೆ, ಗಾಲಿಯ ಇತಿಹಾಸದ ಬೇರೆ ಬೇರೆ ಕಾಲಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಹೊಟ್ಟು ಹೇರಿದ ಚಕ್ಕಡಿ, ಉಳ್ಳಾಗಡ್ಡಿ ಚೀಲ ತುಂಬಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹತ್ತಿ ಅಂಡಿಗೆಯ ಲಾರಿ, ಇವುಗಳ ನಡುವೆ ದಾರಿ ಮಾಡಿಕೊಂಡು ಹೋಗುವ ಕಾರು. ಇವೆಲ್ಲವೂ ಎದುರಿಸುವ ಪ್ರಶ್ನೆ ಒಂದೇ: ನೆಲ ಎಲ್ಲೂ ಸಮತಟ್ಟಾಗಿಲ್ಲ, ಆದರೂ ಎಲ್ಲ ಗಾಲಿಗಳೂ ನೆಲ ಮುಟ್ಟಿರಬೇಕು. ಮೂರು ಬಿಂದುಗಳು ಯಾವ ನೆಲದ ಮೇಲಾದರೂ ಕೂರುತ್ತವೆ, ನಾಲ್ಕನೆಯದು ಬಂದಾಗ ತೊಡಕು ಶುರುವಾಗುತ್ತದೆ. ಚಕ್ಕಡಿಗೆ ಈ ತೊಡಕೇ ಇಲ್ಲ. ಎರಡು ಗಾಲಿ, ಎತ್ತುಗಳ ಹೆಗಲ ಮೇಲಿನ ನೊಗ, ಅಲ್ಲಿಗೆ ಮೂರೇ ಆಧಾರ. ಟ್ರ್ಯಾಕ್ಟರಿಗೆ ಗಾಲಿ ನಾಲ್ಕಿದ್ದರೂ ಅದರ ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯ ದಂಡಿಗೆಯಂತೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಹಾಗಾಗಿ ಅದರ ಮೈ ನಿಂತಿರುವುದೂ ಮೂರು ಬಿಂದುಗಳ ಮೇಲೆಯೇ. ಹೊಲದ ಬದುವಿನ ಮೇಲೆ ಒಂದು ಮುಂಗಾಲಿ ಏರಿದಾಗ ಇನ್ನೊಂದು ಇಳಿಯುವುದು, ಎಂಜಿನ್ ಮಾತ್ರ ವಾಲದೆ ಇರುವುದು ಈ ಪಿನ್ನಿನಿಂದ. ಎರಡು ಗಾಲಿಯ ಟ್ರೇಲರಿಗೆ ಮೂರನೆಯ ಆಧಾರ ಟ್ರ್ಯಾಕ್ಟರಿನ ಕೊಕ್ಕೆ. ಲಾರಿಯಲ್ಲಿ ಲೀಫ್ ಸ್ಪ್ರಿಂಗಿನ ಜೊತೆಗೆ ಚಾಸಿ ತಾನೇ ತುಸು ತಿರುಚಿಕೊಂಡು ನಾಲ್ಕನೆಯ ಮೂಲೆಯನ್ನು ನೆಲಕ್ಕೆ ಕಳಿಸುತ್ತದೆ. ಕಾರಿನಲ್ಲಿ ಈ ಇಡೀ ಕೆಲಸ ಸಸ್ಪೆನ್ಷನ್ನಿನದು. ಚಾಸಿ ಅದರಲ್ಲಿ ಕೈ ಹಾಕಬಾರದು. ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರತಿರೂಪವನ್ನು ತಾವೇ ಕಟ್ಟಿಕೊಳ್ಳುವವರ ಕೆಲಸ ನಿಲ್ಲುವುದೂ ಬೀಳುವುದೂ ಈ ಕೊನೆಯ ಮಾತಿನ ಮೇಲೆ ಎಂಬುದೇ ಈ ಅಧ್ಯಾಯದ ವಾದ.

ಪ್ರತಿರೂಪ ಕಾರು ಎಂದರೆ ಹೊರಗಿನ ಮೈಯನ್ನು ಫೈಬರ್‌ಗ್ಲಾಸಿನಲ್ಲಿ ಅಚ್ಚು ತೆಗೆದು, ಒಳಗೆ ಬೇರೆ ಯಾವುದೋ ಕಾರಿನ ಎಂಜಿನ್, ಗಿಯರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಜೋಡಿಸಿದ ಗಾಡಿ. 1957ರಲ್ಲಿ ಬಂದ ಲೋಟಸ್ ಸೆವೆನ್ ಮತ್ತು ಅರವತ್ತರ ದಶಕದ ಕೋಬ್ರಾ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಕಾರುಗಳ ಸಾಲಿನವು. ನಮ್ಮ ದೇಶದಲ್ಲೇ ಮಹಾರಾಷ್ಟ್ರದ ಅಲಿಬಾಗಿನಲ್ಲಿ ಚಿಂಕಾರಾ ಎಂಬ ಸಣ್ಣ ಕಂಪನಿ ಲೋಟಸ್ ಸೆವೆನ್ ಹಾದಿಯ ಒಂದು ರೋಡ್‌ಸ್ಟರನ್ನು ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಹಾಕಿ ಕಟ್ಟಿತು. ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ಉದಾಹರಣೆ ಹುಡುಕುವವರು ಸಿಪಾನಿ ಎಂಬ ಸಂಸ್ಥೆಯ ಕಾರುಗಳನ್ನು ನೋಡಬೇಕು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಬಾದಲ್‌ಗೆ ಮುಂದೆ ಒಂದೇ ಗಾಲಿ, ಹಿಂದೆ ಎರಡು, ಫೈಬರ್‌ಗ್ಲಾಸ್ ಮೈ, 198 ಸಿಸಿಯ ಎಂಜಿನ್. 1982ರ ಹೊತ್ತಿಗೆ ಅದೇ ಸಂಸ್ಥೆಯಿಂದ ಡಾಲ್ಫಿನ್ ಬಂತು. ಇದು ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ: 848 ಸಿಸಿಯ ಎಂಜಿನ್, ಉಕ್ಕಿನ ಪ್ರತ್ಯೇಕ ಚಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಮೈ, ನಾಲ್ಕು ಗಾಲಿ. ಬ್ರಿಟನ್ನಿನ ಹವ್ಯಾಸಿಗಳು ಸ್ವಂತ ಕಾರು ಕಟ್ಟಲು ರಿಲಯಂಟ್ ಚಾಸಿಯನ್ನು ಹುಡುಕಿಕೊಂಡು ಹೋಗಿದ್ದು ಇದೇ ಕಾರಣಕ್ಕೆ. ಮೈ ಬೇರೆ, ಎಲುಬು ಬೇರೆ ಆಗಿದ್ದರೆ ಹಳೆಯ ಮೈ ಇಳಿಸಿ ಹೊಸ ಮೈ ಕೂರಿಸಬಹುದು.

ಬಾದಲ್‌ನಿಂದ ಡಾಲ್ಫಿನ್‌ಗೆ ಬಂದಾಗ ಹೆಚ್ಚಿದ್ದು ಒಂದೇ ಗಾಲಿ ಎಂದು ಕಾಣಬಹುದು. ಎಂಜಿನಿಯರನ ದೃಷ್ಟಿಗೆ ಅದು ಬೇರೊಂದು ಲೋಕ. ಮೂರು ಗಾಲಿಯ ಗಾಡಿಯ ಚೌಕಟ್ಟನ್ನು ರಸ್ತೆ ತಿರುಚಲಾರದು, ಏಕೆಂದರೆ ಮುಂದಿನ ಒಂಟಿ ಗಾಲಿ ಎಡಬಲದ ಹಿಡಿತವನ್ನು ಕೊಡುವುದೇ ಇಲ್ಲ. ಅದಕ್ಕೆ ತೆರುವ ಬೆಲೆಯೂ ಉಂಟು. ತಿರುವಿನಲ್ಲಿ ಮೈ ವಾಲುವುದನ್ನು ತಡೆಯುವ ಭಾರವೆಲ್ಲ ಹಿಂದಿನ ಎರಡು ಗಾಲಿಗಳ ಮೇಲೆ ಬೀಳುತ್ತದೆ. ಬ್ರೇಕ್ ಒತ್ತುತ್ತ ತಿರುಗಿದರಂತೂ ತೂಕ ಮುಂದಕ್ಕೆ ಹೋಗಿ ಗಾಡಿ ಮಗುಚಲು ಹವಣಿಸುತ್ತದೆ. ನಾಲ್ಕನೆಯ ಗಾಲಿ ಈ ಭಯವನ್ನು ಕಳೆಯುತ್ತದೆ. ಮುಂದಿನ ಜೋಡಿ ಮತ್ತು ಹಿಂದಿನ ಜೋಡಿ ವಾಲುವಿಕೆಯನ್ನು ಹಂಚಿಕೊಳ್ಳುತ್ತವೆ. ಯಾರ ಪಾಲು ಎಷ್ಟು ಎಂಬುದರ ಮೇಲೆಯೇ ಕಾರಿನ ನಡತೆ ನಿಂತಿದೆ. ಮುಂದಿನ ಜೋಡಿ ಹೆಚ್ಚು ಹೊತ್ತರೆ ಮುಂದಿನ ಗಾಲಿಗಳು ಮೊದಲು ಜಾರುತ್ತವೆ, ಕಾರು ತಿರುವಿನ ಹೊರಕ್ಕೆ ಸರಿಯುತ್ತದೆ. ಹಿಂದಿನ ಜೋಡಿ ಹೆಚ್ಚು ಹೊತ್ತರೆ ಬಾಲ ಹೊರಳುತ್ತದೆ. ಈ ಪಾಲುಪಟ್ಟಿಯನ್ನು ಸ್ಪ್ರಿಂಗುಗಳು, ಆ್ಯಂಟಿ ರೋಲ್ ಬಾರ್ ಮತ್ತು ಲಿಂಕುಗಳ ಎತ್ತರ ಸೇರಿ ಬರೆಯುತ್ತವೆ. ಆದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಇರುವುದು ಚಾಸಿ ಒಂದೇ. ಅದು ಹಸಿ ಬಿದಿರಿನಂತೆ ತಿರುಚುವುದಾದರೆ ಮುಂದಿನ ಮಾತು ಹಿಂದಕ್ಕೆ ತಲುಪುವುದೇ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಲಾರಿಯ ಚಾಸಿ ತಿರುಚುತ್ತದೆ, ಮತ್ತು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅದರ ಎರಡು ಉದ್ದನೆಯ ಚಾನೆಲ್‌ಗಳನ್ನು ಅಡ್ಡ ತೊಲೆಗಳಿಗೆ ಸಾಮಾನ್ಯವಾಗಿ ರಿವೆಟ್ ಹೊಡೆದೋ ಬೋಲ್ಟ್ ಹಾಕಿಯೋ ಕೂಡಿಸುತ್ತಾರೆ, ಕೀಲು ತುಸು ಆಡಿದರೂ ಬಿರುಕು ಬಿಡಬಾರದೆಂದು. ಮೇಲಿನ ಬಾಡಿಯನ್ನು ಯೂ-ಬೋಲ್ಟುಗಳಿಂದ ಬಿಗಿಯುತ್ತಾರೆ, ನಡುವೆ ಮರದ ಅಥವಾ ರಬ್ಬರಿನ ಪಟ್ಟಿ ಇಡುತ್ತಾರೆ. ಚಾಸಿ ಚಾನೆಲ್ಲಿನ ಮೇಲಿನ ಕೆಳಗಿನ ಅಂಚಿಗೆ ವೆಲ್ಡಿಂಗ್ ಮಾಡಬೇಡಿ, ತೂತು ಕೊರೆಯಬೇಡಿ ಎಂದು ತಯಾರಕರು ಎಚ್ಚರಿಸುವುದೂ ಅದಕ್ಕೇ. ಇಷ್ಟು ವರ್ಷ ಲಕ್ಷಾಂತರ ಕಿಲೋಮೀಟರ್ ಓಡಿದ ಲಾರಿಗೆ ಸಲ್ಲುವುದು ಕಾರಿಗೇಕೆ ಸಲ್ಲದು? ಉತ್ತರ ಲಾರಿಯ ಮುಂದಿನ ಅಚ್ಚಿನಲ್ಲಿದೆ. ಎಡ ಬಲ ಗಾಲಿಗಳೆರಡೂ ಒಂದೇ ಉಕ್ಕಿನ ತೊಲೆಯ ತುದಿಗಳಿಗೆ ಕೂಡಿರುತ್ತವೆ. ಗಾಲಿ ಎಷ್ಟು ವಾಲಿರಬೇಕು, ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ಆ ತೊಲೆಯೇ ನಿರ್ಧರಿಸುತ್ತದೆ. ಮೇಲೆ ಚಾಸಿ ತಿರುಚಿದರೂ ತೊಲೆ ತಿರುಚದು, ಗಾಲಿಗಳ ಸಂಬಂಧ ಕೆಡದು. ಟಾಟಾ ಏಸ್‌ನಂಥ ಸಣ್ಣ ಸಾಮಾನು ಗಾಡಿಯೂ 2005ರಲ್ಲಿ ಬಂದಾಗ ಮುಂದೆ ಇದೇ ಗಟ್ಟಿ ಅಚ್ಚು, ಲೀಫ್ ಸ್ಪ್ರಿಂಗ್ ಇಟ್ಟುಕೊಂಡೇ ಬಂತು. ಹೊರೆ ಹೊರುವ ಗಾಡಿಗೆ ಅದು ಸರಿಯಾದ ಆಯ್ಕೆ.

ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಆ ತೊಲೆ ಮಾಯವಾಗುತ್ತದೆ. ಪ್ರತಿ ಮುಂಗಾಲಿಯನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ, ಆ ತೋಳುಗಳ ಬೇರು ಚಾಸಿಯಲ್ಲಿರುತ್ತದೆ. ಅಂದರೆ ಗಾಲಿಯ ಕೋನವನ್ನು ಕಾಯುವ ಹೊಣೆ ತೊಲೆಯಿಂದ ಚಾಸಿಗೆ ವರ್ಗವಾಯಿತು. ಮೇಲಿನ ತೋಳಿನ ಬೇರು ಒಂದೆರಡು ಮಿಲಿಮೀಟರ್ ಸರಿದರೂ ಗಾಲಿ ವಾಲುತ್ತದೆ. ಈ ಸಂಬಂಧವನ್ನು ಮೋಟಾರು ಇತಿಹಾಸವೇ ಸಾರುತ್ತದೆ. 1922ರ ಲ್ಯಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ ಮುಂದಿನ ಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂತು. ಅದೇ ಕಾರಿನಲ್ಲಿ ಏಣಿಯಂಥ ಚಾಸಿಯನ್ನು ಬಿಟ್ಟು, ಹಡಗಿನ ಹೊಟ್ಟೆಯಂತೆ ಮೈಯೇ ಭಾರ ಹೊರುವ ಕಟ್ಟಡವೂ ಬಂತು. ಎರಡೂ ಒಂದೇ ಕಾರಿನಲ್ಲಿ ಕಾಣಿಸಿಕೊಂಡದ್ದನ್ನು ಬರೀ ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. 1933ರಲ್ಲಿ ಮರ್ಸಿಡಿಸ್ ಬೆಂಜ್ 380 ಜೋಡಿ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡು ಬಂತು. ಮರುವರ್ಷ ಅಮೆರಿಕದ ದೊಡ್ಡ ಕಂಪನಿಗಳೂ ಆ ದಾರಿ ಹಿಡಿದವು, ಆಗ ಅವುಗಳ ಚಾಸಿಯ ನಡುವೆ ಎಕ್ಸ್ ಆಕಾರದ ಅಡ್ಡ ತೊಲೆಗಳು ಸೇರಿಕೊಂಡವು. ಗಾಲಿಗೆ ಸ್ವಾತಂತ್ರ್ಯ ಕೊಟ್ಟವರು ಚಾಸಿಗೆ ಬಿಗುವು ಕೊಡಲೇಬೇಕಾಯಿತು.

ಎಷ್ಟು ಬಿಗುವು ಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. ಮುಂದಿನ ಸಸ್ಪೆನ್ಷನ್ ಒಂದು ಡಿಗ್ರಿ ವಾಲಲು 400 ನ್ಯೂಟನ್ ಮೀಟರ್ ತಿರುಚುಬಲ ಕೇಳುತ್ತದೆ, ಹಿಂದಿನದೂ ಅಷ್ಟೇ ಎಂದು ಹಿಡಿಯೋಣ. ಎಡ ಮುಂಗಾಲಿ ಗುಡ್ಡೆ ಏರಿ, ಬಲ ಮುಂಗಾಲಿ ತಗ್ಗಿಗೆ ಇಳಿದಾಗ ರಸ್ತೆಯ ಆ ತಿರುಚನ್ನು ಮುಂದಿನ ಸಸ್ಪೆನ್ಷನ್, ಚಾಸಿ, ಹಿಂದಿನ ಸಸ್ಪೆನ್ಷನ್ ಮೂರೂ ಸರಪಳಿಯ ಕೊಂಡಿಗಳಂತೆ ಹಂಚಿಕೊಳ್ಳುತ್ತವೆ. ಎರಡು ಸಸ್ಪೆನ್ಷನ್ನುಗಳು ಒಂದರ ಹಿಂದೊಂದು ಕೂಡಿದಾಗ ಅವುಗಳ ಒಟ್ಟು ಬಿಗುವು 200. ಚಾಸಿಯದೂ 200 ಇದ್ದರೆ, ತಿರುಚಿನ ಅರ್ಧವನ್ನು ಚಾಸಿಯೇ ನುಂಗುತ್ತದೆ. ಚಾಸಿಯ ಬಿಗುವು 2,000 ಆದರೆ ಅದರ ಪಾಲು ಹನ್ನೊಂದರಲ್ಲಿ ಒಂದಕ್ಕೆ ಇಳಿಯುತ್ತದೆ. ಅಲ್ಲಿಂದಾಚೆಗೆ 20,000ಕ್ಕೆ ಏರಿಸಿದರೆ ಸಿಗುವ ಹೆಚ್ಚಿನ ಲಾಭ ಅತ್ಯಲ್ಪ. ಇಂದಿನ ಸಾಮಾನ್ಯ ಕಾರುಗಳು ಅಷ್ಟು ಬಿಗಿಯಾಗಿರುವುದಕ್ಕೆ ಅಪಘಾತದ ರಕ್ಷಣೆ, ಸದ್ದಿನ ನಿಯಂತ್ರಣ ಇತ್ಯಾದಿ ಬೇರೆ ಕಾರಣಗಳೂ ಇವೆ. ಹಗುರ ಸ್ಪೋರ್ಟ್ಸ್ ಕಾರು ಕಟ್ಟುವವನು ಎರಡು ಸಸ್ಪೆನ್ಷನ್ನುಗಳ ಒಟ್ಟು ಬಿಗುವಿನ ಹತ್ತು ಪಟ್ಟನ್ನು ಗುರಿಯಾಗಿಟ್ಟುಕೊಂಡರೆ ಕೆಲಸ ನಡೆಯುತ್ತದೆ.

ಇದೇ ಲೆಕ್ಕ ಇನ್ನೊಂದು ತಪ್ಪನ್ನೂ ಬಯಲಿಗೆ ತರುತ್ತದೆ. ಕಾರು ತಿರುವಿನಲ್ಲಿ ಸಡಿಲವೆನಿಸಿದರೆ ಹೊಸಬರು ಮೊದಲು ಮಾಡುವುದು ಗಟ್ಟಿ ಸ್ಪ್ರಿಂಗ್ ಹಾಕುವುದು. ಮುಂದೆ ಹಿಂದೆ ಎರಡೂ ಕಡೆ ಬಿಗುವನ್ನು 400ರಿಂದ 1,200ಕ್ಕೆ ಏರಿಸಿದರು ಅನ್ನಿ. ಎರಡೂ ಕೂಡಿ 600 ಆಯಿತು, ಚಾಸಿ ಮಾತ್ರ 200ರಲ್ಲೇ ಉಳಿಯಿತು. ಈಗ ತಿರುಚಿನ ನಾಲ್ಕರಲ್ಲಿ ಮೂರು ಪಾಲು ಚಾಸಿಯ ಮೇಲೆ! ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಚಾಸಿಯೇ ಸ್ಪ್ರಿಂಗ್ ಆಗುತ್ತ ಹೋಗುತ್ತದೆ. ಇದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಮತ್ತು ಈ ಹೊಸ ಸ್ಪ್ರಿಂಗಿಗೆ ಶಾಕ್ ಅಬ್ಸಾರ್ಬರ್ ಇಲ್ಲ. ನಿಜವಾದ ಸ್ಪ್ರಿಂಗ್ ಕುಣಿದರೆ ಅದರ ಪಕ್ಕದ ಎಣ್ಣೆ ತುಂಬಿದ ಕೊಳವೆ ಆ ಕುಣಿತವನ್ನು ಶಾಖವಾಗಿಸಿ ಅಡಗಿಸುತ್ತದೆ. ಚಾಸಿ ಕುಣಿದರೆ ಅಡಗಿಸುವವರು ಯಾರೂ ಇಲ್ಲ. ಸ್ಟಿಯರಿಂಗ್ ನಡುಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. 1962ರ ಲೋಟಸ್ ಎಲಾನ್ ಇದಕ್ಕೆ ಸರಿ ಎದುರು ದಾರಿ ಹಿಡಿದ ಕಾರು. ಕಾಲಿನ್ ಚಾಪ್‌ಮನ್ ಅವರ ಸಂಸ್ಥೆ ಅದಕ್ಕೆ ಮಡಚಿದ ಉಕ್ಕಿನ ತಗಡಿನ ಪೆಟ್ಟಿಗೆಯಂಥ ಬೆನ್ನೆಲುಬನ್ನು ಕೊಟ್ಟು, ಸ್ಪ್ರಿಂಗುಗಳನ್ನು ಮೆದುವಾಗಿಟ್ಟಿತು. ತಿರುವುಗಳಲ್ಲಿ ಅದು ತೋರಿದ ಹಿಡಿತವನ್ನು ಇಂದಿಗೂ ಕಾರು ವಿನ್ಯಾಸಕರು ಮಾದರಿಯಾಗಿ ಹೆಸರಿಸುತ್ತಾರೆ.

ನಮ್ಮ ರಸ್ತೆಗಳೇ ಕೆಟ್ಟವು, ಇಲ್ಲಿ ಚಾಸಿ ತುಸು ಬಗ್ಗುವುದೇ ಒಳ್ಳೆಯದು ಎಂದು ವಾದಿಸುವವರಿದ್ದಾರೆ. ಗದಗ ಸೀಮೆಯ ನೆಲವನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ಮುಂಡರಗಿ, ಲಕ್ಷ್ಮೇಶ್ವರದ ಸುತ್ತ ಹರಡಿರುವ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೋನೈಟ್ ಎಂಬ ಜೇಡಿ ಖನಿಜ ಇದೆ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವಷ್ಟು ಜಾಗ ಆಗುವುದನ್ನು ಕಂಡವರಿಗೆ ಈ ಬಲದ ಅಂದಾಜು ಇರುತ್ತದೆ. ಈ ಮಣ್ಣಿನ ಮೇಲೆ ಹಾಸಿದ ಡಾಂಬರಿನ ನಡುಭಾಗ ಹೆಚ್ಚು ಕಡಿಮೆ ಒಂದೇ ತೇವದಲ್ಲಿ ಉಳಿದರೆ, ಅಂಚುಗಳು ಮಳೆಗಾಲದಲ್ಲಿ ನೆನೆಯುತ್ತವೆ, ಬೇಸಿಗೆಯಲ್ಲಿ ಒಣಗುತ್ತವೆ. ಪರಿಣಾಮವಾಗಿ ರಸ್ತೆಯ ಅಂಚು ಒಂದು ಲಯದಲ್ಲಿ, ನಡು ಇನ್ನೊಂದು ಲಯದಲ್ಲಿ ಏರಿಳಿಯುತ್ತದೆ. ಕಾರಿನ ಎಡ ಗಾಲಿಗಳು ಓಡುವ ದಾರಿಯೇ ಬೇರೆ, ಬಲ ಗಾಲಿಗಳದೇ ಬೇರೆ. ಶಿರಹಟ್ಟಿಯ ಕಡೆ, ಕಪ್ಪತಗುಡ್ಡದ ಬುಡದ ಕೆಂಪು ಮಸಾರಿ ನೆಲದಲ್ಲಿ ಈ ಉಬ್ಬರವಿಳಿತ ಕಡಿಮೆ. ಅಲ್ಲಿ ಸಿಗುವುದು ಗರಸಿನ ಹರಳು, ಮೊನಚು ತಗ್ಗು. ಅಂದರೆ ಎರೆನೆಲದ ರಸ್ತೆ ಕಾರನ್ನು ತಿರುಚುತ್ತದೆ, ಮಸಾರಿ ನೆಲದ ರಸ್ತೆ ಅದನ್ನು ಬಡಿಯುತ್ತದೆ.

ತಿರುಚುವ ರಸ್ತೆಗೆ ಬೇಕಾದ್ದು ಗಾಲಿ ಹೆಚ್ಚು ದೂರ ಏರಿಳಿಯಲು ಅವಕಾಶ, ಅದಕ್ಕೆ ಮೆದು ಸ್ಪ್ರಿಂಗ್. ಚಾಸಿ ಬಗ್ಗಿ ಆ ಕೆಲಸ ಮಾಡಿದರೂ ಗಾಲಿ ನೆಲ ಮುಟ್ಟೀತು, ನಿಜ. ಆದರೆ ಹಾಗೆ ಮುಟ್ಟುವಾಗ ಅದು ತಪ್ಪು ಕೋನದಲ್ಲಿ ಮುಟ್ಟುತ್ತದೆ, ಮತ್ತು ಪ್ರತಿ ಬಗ್ಗುವಿಕೆಯೂ ಉಕ್ಕಿನ ಆಯುಷ್ಯದಿಂದ ಒಂದಿಷ್ಟನ್ನು ಕಳೆಯುತ್ತದೆ. ಒಂದೇ ಜಾಗದಲ್ಲಿ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುವುದು ಲೋಹದ ದಣಿವಿನಿಂದ. ಲಾರಿಯ ಚಾಸಿ ಈ ದಣಿವನ್ನು ತಾಳಿಕೊಳ್ಳುವಂತೆ ಕೀಲು ಕೀಲಾಗಿ ವಿನ್ಯಾಸಗೊಂಡಿದೆ. ಪೈಪುಗಳನ್ನು ಬಿಗಿಯಾಗಿ ಬೆಸೆದ ಚೌಕಟ್ಟಿಗೆ ಆ ಸಡಿಲ ಇಲ್ಲ, ಅದು ಬೆಸುಗೆಯ ಅಂಚಿನಲ್ಲೇ ಸೀಳುತ್ತದೆ. ಕೆಟ್ಟ ರಸ್ತೆ ಇದ್ದಷ್ಟೂ ಬಿಗಿ ಚಾಸಿಯ ಅಗತ್ಯ ಹೆಚ್ಚುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಬಿಗುವು ಬರುವುದು ಎಲ್ಲಿಂದ? ದಪ್ಪ ಉಕ್ಕಿನಿಂದ ಎನ್ನುವುದು ಮೊದಲು ಹೊಳೆಯುವ ಉತ್ತರ. ಇಲ್ಲಿ ಒಂದು ಸಣ್ಣ ಪ್ರಯೋಗ ನೂರು ಮಾತಿಗಿಂತ ಹೆಚ್ಚು ತಿಳಿಸುತ್ತದೆ. ಒಂದು ದಪ್ಪ ಡ್ರಾಯಿಂಗ್ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚಿಗೆ ಅಂಚು ತಾಗಿಸಿ, ಅಂಟಿಸದೆ ಎರಡು ತುದಿ ಹಿಡಿದು ಎದುರು ಬದುರು ತಿರುಚಿ ನೋಡಿ. ಅಂಚುಗಳು ಒಂದರ ಪಕ್ಕ ಒಂದು ಜಾರುತ್ತವೆ, ಕೊಳವೆ ಸುಲಭವಾಗಿ ತಿರುಚುತ್ತದೆ. ಈಗ ಆ ಸೀಳಿನುದ್ದಕ್ಕೂ ಟೇಪು ಅಂಟಿಸಿ ಮತ್ತೆ ತಿರುಚಿ. ಅದೇ ಹಾಳೆ ಕೈಗೆ ಬಗ್ಗುವುದಿಲ್ಲ. ಉಕ್ಕಿನಲ್ಲಿ ಈ ವ್ಯತ್ಯಾಸ ಬೆರಗು ಹುಟ್ಟಿಸುವಷ್ಟಿದೆ. 300 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ತಗಡನ್ನು ಪೈಪಿನಂತೆ ಸುತ್ತಿದರೆ ಅದರ ತ್ರಿಜ್ಯ ಸುಮಾರು 48 ಮಿಲಿಮೀಟರ್. ಸೀಳು ತೆರೆದಿದ್ದಾಗಿನ ತಿರುಚು-ಬಿಗುವಿಗೂ, ಸೀಳನ್ನು ಉದ್ದಕ್ಕೂ ಬೆಸೆದ ಮೇಲಿನ ಬಿಗುವಿಗೂ ಸುಮಾರು 750 ಪಟ್ಟು ಅಂತರ ಎಂದು ಲೆಕ್ಕ ಹೇಳುತ್ತದೆ. ಉಕ್ಕು ಅಷ್ಟೇ, ತೂಕ ಅಷ್ಟೇ, ಹೆಚ್ಚಿದ್ದು ಒಂದು ಗೆರೆ ಬೆಸುಗೆ. ಸಿ ಆಕಾರದ ಚಾನೆಲ್ಲು ಸೀಳು ಬಿಟ್ಟ ಪೈಪಿನ ಜಾತಿಗೆ ಸೇರಿದ್ದು. ಚೌಕ ಪೈಪು, ದುಂಡು ಪೈಪು ಮುಚ್ಚಿದ ಜಾತಿಯವು. ಟ್ರೇಲರ್ ಕಟ್ಟುವ ಅಂಗಡಿಗಳಲ್ಲಿ ಸಾಲು ಸಾಲಾಗಿ ಒರಗಿಸಿಟ್ಟ ಚಾನೆಲ್ಲುಗಳು ಕಬ್ಬು, ಮೆಣಸಿನಕಾಯಿ ಚೀಲಗಳ ನೇರ ಭಾರ ಹೊರಲು ತಕ್ಕವು. ಅದೇ ಚಾನೆಲ್ಲಿನಲ್ಲಿ ಏಣಿ ಕಟ್ಟಿ ಅದರ ಮೇಲೆ ಸ್ಪೋರ್ಟ್ಸ್ ಕಾರು ಕೂರಿಸಿದರೆ ಭಾರ ಹೊತ್ತೀತು, ತಿರುಚನ್ನು ತಡೆಯಲಾರದು.

ಮುಚ್ಚಿದ ಪೈಪಿನಲ್ಲೂ ದಪ್ಪಕ್ಕಿಂತ ಗಾತ್ರಕ್ಕೆ ಬೆಲೆ. ಗೋಡೆಯ ದಪ್ಪ ಎರಡು ಪಟ್ಟು ಮಾಡಿದರೆ ತೂಕವೂ ಬಿಗುವೂ ಎರಡೆರಡು ಪಟ್ಟು. ದಪ್ಪ ಹಾಗೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟು, ತಿರುಚು-ಬಿಗುವು ಎಂಟು ಪಟ್ಟು. ಕೋಬ್ರಾದ ಕಥೆಯಲ್ಲಿ ಈ ಗಣಿತ ಕಣ್ಣಿಗೆ ಕಟ್ಟುವಂತಿದೆ. ಅದರ ಮೂಲವಾದ ಎಸಿ ಏಸ್ 1953ರ ಕಾರು: ಎರಡು ಉದ್ದನೆಯ ದುಂಡು ಪೈಪು, ಮುಂದೆ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗ್, ಆ ಸ್ಪ್ರಿಂಗೇ ಗಾಲಿಯ ಮೇಲಿನ ತೋಳೂ ಹೌದು. ಅಮೆರಿಕದ ದೊಡ್ಡ ವಿ8 ಎಂಜಿನ್ ಕೂರಿಸಿ, ಕೊನೆಗೆ 1965ರಲ್ಲಿ 7 ಲೀಟರಿನ ಎಂಜಿನ್ ಹಾಕುವ ಹೊತ್ತಿಗೆ ಆ ಹಳೆಯ ಚಾಸಿ ಸೋತಿತ್ತು. ಹೊಸ ಚಾಸಿಯಲ್ಲಿ ಪೈಪಿನ ವ್ಯಾಸ 3 ಇಂಚಿನಿಂದ 4 ಇಂಚಿಗೆ ಏರಿತು, ಲೀಫ್ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಒಂದು ಇಂಚು ದೊಡ್ಡದಲ್ಲ ಎನಿಸಬಹುದು. ಗೋಡೆಯ ದಪ್ಪ ಒಂದೇ ಎಂದು ಹಿಡಿದರೆ ಆ ಒಂದು ಇಂಚು ಪ್ರತಿ ಪೈಪಿನ ತಿರುಚು-ಬಿಗುವನ್ನು ಸುಮಾರು 2.4 ಪಟ್ಟು ಮಾಡುತ್ತದೆ. ಇಂದು ಕೋಬ್ರಾದ ಪ್ರತಿರೂಪ ಕಟ್ಟುವವರಲ್ಲಿ ಅನೇಕರು ಅದರ ಉಬ್ಬಿದ ಮಡ್‌ಗಾರ್ಡುಗಳನ್ನು ಮಿಲಿಮೀಟರ್ ಬಿಡದೆ ನಕಲು ಮಾಡಿ, ಪೈಪಿನ ಬಗ್ಗೆ ಕೈಗೆ ಸಿಕ್ಕಿದ್ದಕ್ಕೆ ತೃಪ್ತರಾಗುತ್ತಾರೆ. ಹೈ ಟೆನ್ಸೈಲ್ ಉಕ್ಕು ಹಾಕಿದರಾಯಿತು ಎನ್ನುವವರೂ ಇದ್ದಾರೆ. ಅದು ಮುರಿಯುವ ಬಲವನ್ನು ಏರಿಸುತ್ತದೆ, ಬಿಗುವನ್ನಲ್ಲ. ಸಾದಾ ಉಕ್ಕಾಗಲಿ, ದುಬಾರಿ ಉಕ್ಕಾಗಲಿ, ಬಗ್ಗುವ ಗುಣದಲ್ಲಿ ಹೆಚ್ಚು ಕಡಿಮೆ ಒಂದೇ.

ಸಣ್ಣ ಪೈಪುಗಳನ್ನು ತ್ರಿಕೋನಗಳಾಗಿ ಜೋಡಿಸುವ ಸ್ಪೇಸ್ ಫ್ರೇಮ್ ಇನ್ನೊಂದು ದಾರಿ. ಬೆಂಗಳೂರಿನಲ್ಲಿ ಹುಟ್ಟಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಒಳಗಿದ್ದದ್ದು ಉಕ್ಕಿನ ಪೈಪುಗಳ ಇಂಥದೇ ಚೌಕಟ್ಟು, ಹೊರಗಿನ ಪ್ಲಾಸ್ಟಿಕ್ ಹಲಗೆಗಳು ಹೊದಿಕೆ ಮಾತ್ರ. ಇದರ ಸೂತ್ರ ಸರಳ: ಚೌಕ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಆದರೆ ಮನುಷ್ಯರು ಕೂರುವ ಜಾಗದಲ್ಲಿ ತ್ರಿಕೋನಕ್ಕೆ ಎಡೆಯಿಲ್ಲ. ಬಾಗಿಲಿರುವಲ್ಲಿ ಓರೆ ಪೈಪು ಹಾಕಲಾಗದು, ಮೇಲೆ ಛಾವಣಿ ಇಲ್ಲ. ತೆರೆದ ಸ್ಪೋರ್ಟ್ಸ್ ಕಾರು ನಡುವಿನಲ್ಲೇ ಮೆದುವಾಗುವುದು ಇದರಿಂದ. ಇದಕ್ಕೆ ಮದ್ದು ಎರಡು ಆಸನಗಳ ನಡುವೆ ಗಿಯರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಹಾದುಹೋಗುವ ಸುರಂಗದಲ್ಲಿದೆ. ಹೇಗೂ ಬೇಕಾದ ಆ ಸುರಂಗದ ಮೇಲೆ, ಕೆಳಗೆ, ಬದಿಗಳಿಗೆ ಉಕ್ಕಿನ ತಗಡು ಬೆಸೆದು ಮುಚ್ಚಿದರೆ ಅದೇ ದೊಡ್ಡ ಅಡ್ಡಕೊಯ್ತದ ಬೆನ್ನೆಲುಬಾಗುತ್ತದೆ, ಎಲಾನ್ ಮಾಡಿದ್ದೂ ಹೀಗೆಯೇ. ಫೈಬರ್‌ಗ್ಲಾಸ್ ಮೈ ಬಿಗುವು ಕೊಡುವುದಿಲ್ಲವೇ ಎಂದು ಕೇಳಬಹುದು. 1957ರ ಲೋಟಸ್ ಎಲೀಟ್ ಇಡೀ ಫೈಬರ್‌ಗ್ಲಾಸಿನಲ್ಲೇ ನಿಂತ ಕಾರು, ಹಾಗಾಗಿ ಅಸಾಧ್ಯವೆನ್ನಲಾರೆ. ಆದರೆ ಅಲ್ಲಿ ಮೈಯ ಭಾಗಗಳನ್ನು ಅಂಟಿಸಿ ಮುಚ್ಚಿದ ಪೆಟ್ಟಿಗೆಗಳನ್ನಾಗಿ ಮಾಡಿದ್ದರು. ಸಾಮಾನ್ಯ ಮ್ಯಾಟ್ ಮತ್ತು ರೆಸಿನ್ ಹಾಕಿ ಕೈಯಿಂದ ಮಾಡಿದ ಫೈಬರ್ ತಗಡಿನ ಬಿಗುವು ಉಕ್ಕಿನ ಇಪ್ಪತ್ತೈದರಲ್ಲಿ ಒಂದರಷ್ಟು. ಅದನ್ನು ಹತ್ತಾರು ಬೋಲ್ಟುಗಳಿಂದ, ನಡುವೆ ರಬ್ಬರಿಟ್ಟು ಚಾಸಿಗೆ ಕೂಡಿಸಿದರೆ ಅದು ಅಂಗಿಯಷ್ಟೇ ಕೆಲಸ ಮಾಡುತ್ತದೆ. ಚಾಸಿ ತಿರುಚುತ್ತಿದ್ದರೆ ಮೊದಲು ಹೇಳುವುದು ಮಾತ್ರ ಈ ಅಂಗಿಯೇ: ಬಾಗಿಲ ಮೂಲೆಯಲ್ಲಿ, ಬೋಲ್ಟಿನ ಸುತ್ತ ಬಣ್ಣದ ಪದರದಲ್ಲಿ ಜೇಡರಬಲೆಯಂಥ ಬಿರುಕು.

ಚಾಸಿ ಬಿಗಿಯಾದ ಮೇಲೆ ಮುಂದಿನ ಸಸ್ಪೆನ್ಷನ್ನಿನ ಸೂಕ್ಷ್ಮಗಳಿಗೆ ಅರ್ಥ ಬರುತ್ತದೆ. ಹಳೆಯ ಪ್ರೀಮಿಯರ್ ಪದ್ಮಿನಿಯ ಮುಂಭಾಗದಲ್ಲಿ ಜೋಡಿ ವಿಶ್‌ಬೋನ್ ಇತ್ತು, ಕಾಂಟೆಸ್ಸಾದಲ್ಲೂ ಇತ್ತು. ಮಾರುತಿ 800ರಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್. ಬಿಡಿಭಾಗ ಸುಲಭವಾಗಿ ಸಿಗುವುದು ಮಾರುತಿಯದು, ಆದರೆ ಸ್ಟ್ರಟ್ ಉದ್ದ ಹೆಚ್ಚು. ಅದರ ತಲೆ ಬಾನೆಟ್ಟಿನ ಎತ್ತರಕ್ಕೆ ಹೋಗಿ ನಿಲ್ಲಬೇಕು, ಮಾರುತಿಯಲ್ಲಿ ಆ ತಲೆಯನ್ನು ಒಳಗಿನ ತಗಡಿನ ಗೋಡೆ ಸುತ್ತಲೂ ಹಿಡಿದಿರುತ್ತದೆ. ತಗ್ಗು ಮೂತಿಯ ಸ್ಪೋರ್ಟ್ಸ್ ಕಾರಿನಲ್ಲಿ ಅಷ್ಟು ಎತ್ತರವೂ ಇಲ್ಲ, ಗೋಡೆಯೂ ಇಲ್ಲ. ಏಣಿ ಚಾಸಿಯ ಮೇಲೆ ಒಂಟಿ ಕಂಬ ನಿಲ್ಲಿಸಿ ಅದಕ್ಕೆ ಸ್ಟ್ರಟ್ ಕಟ್ಟಿದರೆ ಬ್ರೇಕ್ ಒತ್ತಿದಾಗಲೆಲ್ಲ ಕಂಬ ಬಾಗುತ್ತದೆ. ವಿಶ್‌ಬೋನ್ ಗಿಡ್ಡ, ತಗ್ಗಿನಲ್ಲೇ ಮುಗಿಯುತ್ತದೆ. ಅದರ ಮೇಲಿನ ತೋಳು ಕೆಳಗಿನದಕ್ಕಿಂತ ಚಿಕ್ಕದಿರುವುದರಲ್ಲಿ ಒಂದು ಜಾಣ್ಮೆ ಇದೆ. ತಿರುವಿನಲ್ಲಿ ಮೈ ಹೊರಕ್ಕೆ ವಾಲಿದಾಗ ಹೊರಗಿನ ಗಾಲಿ ಚಾಸಿಯ ಮಟ್ಟಿಗೆ ಮೇಲೇರುತ್ತದೆ, ಆಗ ಚಿಕ್ಕ ತೋಳಿನ ತುದಿ ಹೆಚ್ಚು ಒಳಕ್ಕೆ ಸರಿದು ಗಾಲಿಯ ತಲೆಯನ್ನು ಒಳಗೆ ಎಳೆಯುತ್ತದೆ. ಹಾಗಾಗಿ ಮೈ ವಾಲಿದರೂ ಟೈರು ರಸ್ತೆಯ ಮೇಲೆ ಸಪಾಟಾಗಿ ಕೂರುತ್ತದೆ. ತೋಳುಗಳ ಬೇರಿನ ಎತ್ತರ ಎರಡು ಕಡೆಯೂ ಒಂದೇ ಇರಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಟ್ರೇಲರಿನಲ್ಲಿ ಐದು ಮಿಲಿಮೀಟರ್ ಹೆಚ್ಚು ಕಡಿಮೆ ನಡೆಯುತ್ತದೆ, ಇಲ್ಲಿ ಒಂದೂ ನಡೆಯದು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಸ್ಟಿಯರಿಂಗ್. ಬೇರೆ ಕಾರಿನ ಸ್ಟಿಯರಿಂಗ್ ರ‍್ಯಾಕನ್ನು ತಂದು ಹೊಸ ಚಾಸಿಗೆ ಕೂರಿಸಿದಾಗ ಅದರ ಉದ್ದ ಹೊಸ ತೋಳುಗಳಿಗೆ ಹೊಂದದೆ ಇರಬಹುದು. ಗಾಲಿ ಏರುವಾಗ ವಿಶ್‌ಬೋನಿನ ತುದಿ ಒಂದು ಕಮಾನಿನಲ್ಲಿ ಸಾಗುತ್ತದೆ, ಸ್ಟಿಯರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡು ಕಮಾನೂ ಒಂದಕ್ಕೊಂದು ಹೊಂದದಿದ್ದರೆ ಟೈ ರಾಡ್ ಗಾಲಿಯನ್ನು ತಾನೇ ತಿರುಗಿಸುತ್ತದೆ. ಸ್ಟಿಯರಿಂಗ್ ತೋಳಿನ ಉದ್ದ 120 ಮಿಲಿಮೀಟರ್ ಇದ್ದರೆ ಕೇವಲ 2 ಮಿಲಿಮೀಟರ್ ಎಳೆತಕ್ಕೆ ಗಾಲಿ ಹೆಚ್ಚು ಕಡಿಮೆ ಒಂದು ಡಿಗ್ರಿ ತಿರುಗುತ್ತದೆ. ಚಾಲಕ ಕೈ ಅಲುಗಿಸದಿದ್ದರೂ ಎರೆನೆಲದ ಪ್ರತಿ ಉಬ್ಬಿನಲ್ಲೂ ಕಾರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೂತಿ ತಿರುಗಿಸುತ್ತದೆ. ಇದನ್ನು ಕಂಡುಹಿಡಿಯಲು ರಸ್ತೆಗೆ ಇಳಿಯಬೇಕಿಲ್ಲ. ಸ್ಪ್ರಿಂಗ್ ತೆಗೆದು, ಜಾಕಿನಿಂದ ಗಾಲಿಯನ್ನು ಹತ್ತು ಹತ್ತು ಮಿಲಿಮೀಟರ್ ಏರಿಸುತ್ತ, ಗಾಲಿಯ ಮುಂದಿನ ಮತ್ತು ಹಿಂದಿನ ಅಂಚು ಒಂದು ನೇರ ಹಲಗೆಯಿಂದ ಎಷ್ಟು ದೂರ ಇವೆ ಎಂದು ಬರೆದುಕೊಂಡರೆ ಸಾಕು. ಅಂಕಿ ಬದಲಾದರೆ ರ‍್ಯಾಕನ್ನು ಏರಿಸಬೇಕು, ಇಳಿಸಬೇಕು ಅಥವಾ ಟೈ ರಾಡಿನ ಉದ್ದವನ್ನೇ ಬದಲಿಸಬೇಕು.

ಕಾನೂನಿನ ಮಾತೂ ಇಲ್ಲಿ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹೊಸ ಮಾದರಿಯ ಕಾರು ತಯಾರಿಸಿ ಮಾರುವವರು ಅದನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಹಾಗಾಗಿ ಮನೆಯಲ್ಲಿ ಕಟ್ಟಿದ ಕಾರು ಸಾರ್ವಜನಿಕ ರಸ್ತೆಗೆ ಬರುವ ದಾರಿ ಬಹಳ ಇಕ್ಕಟ್ಟು. ಇದರಿಂದ ಈ ವಿದ್ಯೆಯೇ ನಿರುಪಯೋಗಿ ಎಂದು ತೀರ್ಮಾನಿಸುವುದು ತಪ್ಪು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಗೆ ಪ್ರತಿ ವರ್ಷ ಪೈಪಿನ ಚೌಕಟ್ಟಿನ ಬಗ್ಗಿ ಕಟ್ಟುತ್ತಾರೆ. ಸಣ್ಣ ವಿದ್ಯುತ್ ವಾಹನಗಳ ಕಾಲ ಬಂದಿದೆ, ಅವಕ್ಕೂ ಬ್ಯಾಟರಿ ಹೊರುವ ಬಿಗಿ ಚೌಕಟ್ಟು ಬೇಕು. ಗದಗ-ಬೆಟಗೇರಿಯಂಥ ಊರಿನಲ್ಲಿ ಉಕ್ಕು ಕೊಯ್ಯುವ, ಬೆಸೆಯುವ ಕೈಚಳಕಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಅಳೆಯುವ ಅಭ್ಯಾಸಕ್ಕೆ.

ಆ ಅಳತೆಗೆ ದುಬಾರಿ ಯಂತ್ರ ಬೇಕಿಲ್ಲ. ಬರಿಯ ಚಾಸಿಯ ಹಿಂಭಾಗವನ್ನು, ಹಿಂದಿನ ಸ್ಪ್ರಿಂಗ್ ಕೂರುವ ಎರಡು ಜಾಗಗಳಲ್ಲಿ, ನೆಲಕ್ಕೆ ಹೂತ ಗಟ್ಟಿ ಆಧಾರಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಮುಂಭಾಗದಲ್ಲಿ, ಮುಂದಿನ ಸ್ಪ್ರಿಂಗ್ ಕೂರುವಲ್ಲಿ, ಅಡ್ಡಲಾಗಿ ಒಂದು ಗಟ್ಟಿ ತೊಲೆ ಕಟ್ಟಿ, ಅದರ ನಟ್ಟನಡುವೆ ಮಾತ್ರ ಕೆಳಗೊಂದು ದುಂಡು ಸರಳಿನ ಆಧಾರ ಕೊಡಿ. ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ತೊಲೆಗೆ 50 ಕಿಲೋ ಸಿಮೆಂಟ್ ಚೀಲ ತೂಗುಹಾಕಿ. ಅದು 490 ನ್ಯೂಟನ್ ಮೀಟರ್ ತಿರುಚುಬಲ. ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ ತೊಲೆ ಎಷ್ಟು ಇಳಿಯಿತೆಂದು ಅಳೆಯಿರಿ, ಹಿಂದಿನ ಆಧಾರ ಅಲುಗಿದ್ದರೆ ಅದನ್ನೂ ಅಳೆದು ಕಳೆಯಿರಿ. 2,000 ನ್ಯೂಟನ್ ಮೀಟರ್ ಬಿಗುವಿನ ಚಾಸಿ ಅಲ್ಲಿ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. 200ರ ಚಾಸಿ 21 ಮಿಲಿಮೀಟರ್ ಇಳಿಯುತ್ತದೆ, ಅದನ್ನು ಕಾಣಲು ಶಾಲೆಯ ಅಡಿಪಟ್ಟಿಯೇ ಸಾಕು. ಸುರಂಗ ಮುಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಅಳೆದು ಎರಡೂ ಅಂಕಿಗಳನ್ನು ಬರೆದಿಡಿ. ಇಳಿತ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಸ್ಪ್ರಿಂಗ್ ಕೊಳ್ಳಲು ಹೋಗಬೇಡಿ, ಫೈಬರ್ ಅಚ್ಚಿಗೂ ಕೈ ಹಾಕಬೇಡಿ. ಚಾಸಿಗೆ ಮರಳಿ, ಎಲ್ಲಿ ಚೌಕ ತೆರೆದೇ ಉಳಿದಿದೆ, ಎಲ್ಲಿ ಪೆಟ್ಟಿಗೆ ಮುಚ್ಚಿಲ್ಲ ಎಂದು ಹುಡುಕಿ.